“ನಿಮ್ದರೀ” ಎಂದ ಜಾಗ

ಅಮ್ಮಿನಬಾವಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಕಲಿತು, ಹುಬ್ಬಳ್ಳಿಯಲ್ಲಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಒಂದಲ್ಲ ಒಂದು ಅಹಂಕಾರ ಇರಲೇಬೇಕು. ಗುರುಶಿದ್ದಪ್ಪನಿಗೆ ಇದ್ದದ್ದು ಮಾತಿನ ಅಹಂಕಾರ. ಹಾಗೆಂದರೆ ಅವನು ಜೋರಾಗಿ ಮಾತಾಡುತ್ತಿದ್ದ ಎಂದಲ್ಲ. ದನಿ ತಗ್ಗಿಸಿ, ಕತ್ತು ಬಗ್ಗಿಸಿ, ಎದುರಿನವನಿಗೇ ನಾಚಿಕೆಯಾಗುವಷ್ಟು ಮರ್ಯಾದೆ ಕೊಟ್ಟು ಮಾತಾಡುತ್ತಿದ್ದ. ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಿಂದ ಮಾತಿನ ಸಂಸ್ಕಾರ ಎಂಬುದು ನವಲೂರಿನ ಹತ್ತಿರ ಎಲ್ಲೋ ಇಳಿದುಬಿಡುತ್ತದೆ, ಮುಂದಕ್ಕೆ ಬರುವುದೇ ಇಲ್ಲ ಎಂಬುದು ಅವನ ದೃಢವಾದ ಅಭಿಪ್ರಾಯ. ಊರಿನವರೆಲ್ಲ ‘ಐತಿ’ ಎಂದರೆ ಅವನು ‘ಅದ’ ಎನ್ನುತ್ತಿದ್ದ. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅವನು ನಿವೃತ್ತರಾಗುವ ಮಾಸ್ತರರಿಗೆಲ್ಲ ಮಾನಪತ್ರ ಬರೆದುಕೊಡುತ್ತಿದ್ದ. ಅವನ್ನು ಕೇಳಿದ ಮಾಸ್ತರರು ತಾವು ಇಷ್ಟು ದೊಡ್ಡವರು ಎಂದು ಮೊದಲೇ ಗೊತ್ತಿದ್ದರೆ ಇನ್ನಷ್ಟು ರಜೆ ಹಾಕಬಹುದಿತ್ತಲ್ಲ ಎಂದು ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

ಅವನ ಸಂಸ್ಕಾರದ ಮೊದಲ ಪಾಠ ಇದು: ಯಾರಾದರೂ ‘ಇದು ಯಾರದು’ ಎಂದು ಕೇಳಿದರೆ ‘ನಂದು’ ಎನ್ನಬಾರದು. “ಮನಿ ಛಲೋ ಅದ, ಯಾರ್ದರಿ?” ಎಂದರೆ “ನಿಮ್ದರೀ” ಎನ್ನಬೇಕು. “ಹುಡುಗಿ ಭಾಳ ಶ್ಯಾಣ್ಯಾ ಅದಾಳ, ಯಾರ ಮಗಳು?” ಎಂದರೆ “ನಿಮ್ಮ ಮಗಳರೀ” ಎನ್ನಬೇಕು. ಕೇಳಿದವನು ಕೂಡಲೇ “ಛೆ ಛೆ, ನಿಮ್ಮಲ್ಲೇ ಇರ್ಲಿ, ಛಲೋ ಆಗ್ಲಿ” ಎನ್ನಬೇಕು. ಅದಕ್ಕೆ ಇವನು “ಎಲ್ಲಾ ನಿಮ್ಮ ಆಶೀರ್ವಾದ” ಎನ್ನಬೇಕು. ವಸ್ತು ಇದ್ದಲ್ಲೇ ಇರುತ್ತದೆ, ಮರ್ಯಾದೆ ಮಾತ್ರ ಎರಡು ಸಲ ಹೋಗಿಬರುತ್ತದೆ. ನಮ್ಮ ಕಡೆ ಇದು ತಲೆತಲಾಂತರದಿಂದ ನಡೆದುಕೊಂಡು ಬಂದಿದೆ, ಯಾರ ಮನೆಯೂ ಇದರಿಂದ ಹೋಗಿಲ್ಲ.

ಗುರುಶಿದ್ದಪ್ಪನ ಮನೆ ಗೋಪನಕೊಪ್ಪದಲ್ಲಿ. ಮನೆಯ ಮಗ್ಗುಲಿಗೆ ಹದಿನೈದು ಅಡಿ ಅಗಲ, ಮೂವತ್ತು ಅಡಿ ಉದ್ದದ ಒಂದು ಖುಲ್ಲಾ ಜಾಗವಿತ್ತು. ಅದು ಅವನದಲ್ಲ. ಅವನ ಹೆಂಡತಿ ದಾಕ್ಷಾಯಿಣಿ ತವರು ಹೆಬ್ಬಳ್ಳಿಯಿಂದ ತಂದ ಬಂಗಾರದ ಪಾಟ್ಲಿ ಬಳೆಗಳನ್ನು ಮಾರಿ ಕೊಂಡ ಜಾಗ, ಕಾಗದಪತ್ರವೂ ಅವಳ ಹೆಸರಿನಲ್ಲೇ ಇತ್ತು. ದಾಕ್ಷಾಯಿಣಿ ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುತ್ತದೆ ಎಂಬ ಖ್ಯಾತಿಯಿತ್ತು. ದುರ್ಗದಬೈಲಿನ ಕಡೆ ಖಾನಾವಳಿ ನಡೆಸುವ ಸಿದ್ದಲಿಂಗಪ್ಪ ಅದನ್ನು ತಿಂದು ನೋಡಿ, “ತಂಗೀ, ದಸರಾ ಮುಗದ ಮರುದಿವಸದಿಂದ ದಿನಾ ಮುನ್ನೂರು ರೊಟ್ಟಿ ಕೊಡ್ತಿದ್ರ ಹೇಳು. ಇಲ್ಲಂದ್ರ ಬ್ಯಾರೆಯವರು ಕೇಳ್ಯಾರ” ಎಂದಿದ್ದ. ಮುನ್ನೂರು ರೊಟ್ಟಿ ಅಡುಗೆಮನೆಯಲ್ಲಿ ಆಗುವ ಮಾತಲ್ಲ. ಖುಲ್ಲಾ ಜಾಗದಲ್ಲಿ ಒಂದು ತಗಡಿನ ಶೆಡ್ಡು ಹಾಕಿ, ನಾಲ್ಕು ಒಲೆ ಹೂಡಿ, ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ರೊಟ್ಟಿ ಬಡಿಯಬೇಕೆಂದು ಅವಳು ನಿಶ್ಚಯ ಮಾಡಿದಳು. ತೊಂಬತ್ತೆಂಟನೇ ಇಸವಿಯ ಶ್ರಾವಣದಲ್ಲಿ ಹನ್ನೆರಡು ತಗಡು ತಂದು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿದಳು. ವೆಲ್ಡಿಂಗಿನವನು ಗಣಪತಿ ಮಂಟಪಗಳ ಕೆಲಸ ಮುಗಿಸಿ ಬರುತ್ತೇನೆಂದಿದ್ದ. ಅಲ್ಲಿಯವರೆಗೆ ಮನೆಯವರೆಲ್ಲ ಪಡಸಾಲೆಯಲ್ಲಿ ಅಡ್ಡಡ್ಡ ನಡೆಯತೊಡಗಿದರು.

ಅದೇ ವಾರ ಪಕ್ಕದ ಮನೆಗೆ ಗಬ್ಬೂರಿನಿಂದ ಮೈಲಾರಿ ಬಂದ. ಎತ್ತರದ ಆಳು, ಎತ್ತರದ ದನಿ. ಹೆಂಡತಿ ಹುಲಿಗೆವ್ವ, ಒಂದು ಎಮ್ಮೆ ಮತ್ತು ಒಂದು ಟೆಂಪೊ ಅವನ ಸಂಸಾರ. ಹಳ್ಳಿಗಳಿಂದ ಉಳ್ಳಾಗಡ್ಡಿ, ಗೋವಿನಜೋಳ ತಂದು ಎಪಿಎಂಸಿಗೆ ಹಾಕುವುದು ಅವನ ಉದ್ಯೋಗ. ಮನೆಯ ಮುಂದಿನ ಜಾಗವನ್ನು ಎಮ್ಮೆ ಹಿಡಿದುಕೊಂಡಿತು. ಮೈಲಾರಿ ಟೆಂಪೊವನ್ನು ಓಣಿಯಲ್ಲೇ ಬಿಟ್ಟು ಸುತ್ತಲೂ ನೋಡಿದ. ಕಟ್ಟೆಯ ಮೇಲೆ ಗುರುಶಿದ್ದಪ್ಪ ಪೇಪರ್ ಓದುತ್ತಿದ್ದ.

“ಕಾಕಾರ, ಈ ಖುಲ್ಲಾ ಜಾಗಾ ಯಾರ್ದರೀ?”

ಗುರುಶಿದ್ದಪ್ಪ ಪೇಪರ್ ಮಡಚಿದ, ಎದ್ದು ನಿಂತ, ಕತ್ತು ಬಗ್ಗಿಸಿದ.

“ನಿಮ್ದರೀ.”

ಈಗ ಮೈಲಾರಿ “ಛೆ ಛೆ” ಎನ್ನಬೇಕಾಗಿತ್ತು. ಗುರುಶಿದ್ದಪ್ಪ ಅದಕ್ಕಾಗಿ ಕಾದ. “ನಿಮ್ಮ ಆಶೀರ್ವಾದ” ಎಂಬ ಮಾತು ಅವನ ತುಟಿಯವರೆಗೆ ಬಂದು ನಿಂತಿತ್ತು.

“ಭಾಳ ಉಪಕಾರ ಆತ್ರಿ ಕಾಕಾರ,” ಎಂದ ಮೈಲಾರಿ. “ಗಬ್ಬೂರಾಗ ಒಬ್ಬರೂ ಹಿಂಗ ಅಂದವ್ರಿಲ್ಲ.”

ಹತ್ತು ನಿಮಿಷದಲ್ಲಿ ಟೆಂಪೊ ಜಾಗದ ನಟ್ಟನಡುವೆ ನಿಂತಿತ್ತು. ಅದರ ಹಿಂದೆ ‘ಅವ್ವನ ಆಶೀರ್ವಾದ’ ಎಂದು ಬರೆದದ್ದು ಗುರುಶಿದ್ದಪ್ಪನ ಕಟ್ಟೆಗೆ ನೇರವಾಗಿ ಕಾಣುತ್ತಿತ್ತು.

ದಾಕ್ಷಾಯಿಣಿ ಸಂತೆಯಿಂದ ಬಂದವಳು ಟೆಂಪೊ ನೋಡಿ ಚೀಲ ಕೆಳಗಿಟ್ಟಳು.

“ಯಾರ ಗಾಡಿರಿ ಅದು?”

“ಪಕ್ಕದ ಮನಿಯವ್ರದು. ಹೊಸಬ್ರು. ಒಂದೆರಡು ದಿವಸ ಇರ್ತದ.”

“ನೀವು ಹೂಂ ಅಂದ್ರೇನು?”

“ಹೂಂ ಅಂದಿಲ್ಲ,” ಎಂದ ಗುರುಶಿದ್ದಪ್ಪ. ಅದು ಖರೆಯೇ ಆಗಿತ್ತು. ಹೂಂ ಎನ್ನುವುದಕ್ಕಿಂತ ಬಹಳ ದೊಡ್ಡದನ್ನು ಅವನು ಅಂದಿದ್ದ.

ದಾಕ್ಷಾಯಿಣಿ ಜಗಳಗಂಟಿಯಲ್ಲ. ಅವಳ ಸಿಟ್ಟು ಗೊತ್ತಾಗುತ್ತಿದ್ದದ್ದು ಗಂಡನ ರೊಟ್ಟಿಯ ಮೇಲಿನ ಬೆಣ್ಣೆಯಲ್ಲಿ. ಸಮಾಧಾನದ ದಿನಗಳಲ್ಲಿ ಅದು ಲಿಂಬಿಹಣ್ಣಿನ ಗಾತ್ರ ಇರುತ್ತಿತ್ತು. ಅಂದು ರಾತ್ರಿ ಅಡಿಕೆಯಷ್ಟಾಯಿತು.

ಒಂದು ವಾರ ಕಳೆದರೂ ಟೆಂಪೊ ಆ ಜಾಗ ಬಿಡಲಿಲ್ಲ. ರವಿವಾರ ಮುಂಜಾನೆ ಗುರುಶಿದ್ದಪ್ಪ ಧೈರ್ಯ ಮಾಡಿದ. ಕನ್ನಡಿಯ ಮುಂದೆ ನಿಂತು, “ನೋಡ್ರಿ ಮೈಲಾರಿಯವರ, ತಾವು ತಪ್ಪು ತಿಳೀಲಿಲ್ಲ ಅಂದ್ರ ಒಂದು ಮಾತು” ಎಂದು ನಾಲ್ಕು ಸಲ ಅಭ್ಯಾಸ ಮಾಡಿಕೊಂಡು ಪಕ್ಕದ ಮನೆಗೆ ನಡೆದ. ಹುಲಿಗೆವ್ವ ಕಂಬಳಿ ಹಾಸಿ ಕೂಡಿಸಿದಳು. ಎಮ್ಮೆಯ ಗಟ್ಟಿ ಹಾಲಿನ ಚಹಾ ಬಂತು, ಅದರ ಹಿಂದೆ ಚುರಮರಿಯ ಗಿರಮಿಟ್ಟು, ಅದರ ಹಿಂದೆ ಬಿಸಿ ಮಿರ್ಚಿ ಭಜಿ. ಮಿರ್ಚಿ ತಿಂದ ಬಾಯಿಂದ ಜಗಳ ಆಡುವುದು ಯಾವ ಸಂಸ್ಕಾರದಲ್ಲೂ ಇಲ್ಲ.

“ಕಾಕಾರ, ಗಾಡಿ ನಿಲ್ಸಿದ್ದಕ್ಕ ನಿಮಗೇನೂ ತ್ರಾಸ ಇಲ್ಲಲ್ರಿ?” ಎಂದು ಮೈಲಾರಿ ತಾನಾಗಿಯೇ ಕೇಳಿದ. ಬಾಗಿಲು ತೆರೆದಿತ್ತು, ಒಳಗೆ ಕಾಲಿಟ್ಟರೆ ಸಾಕಾಗಿತ್ತು.

“ತ್ರಾಸೇನ್ರಿ, ಜಾಗಾಕ್ಕ ಒಂದು ಕಳೆ ಬಂದದ,” ಎಂದಿತು ಗುರುಶಿದ್ದಪ್ಪನ ನಾಲಿಗೆ. ಅದು ಅಷ್ಟಕ್ಕೇ ನಿಲ್ಲಲಿಲ್ಲ. “ಇನ್ನೊಂದು ಇದ್ರ ಅದನ್ನೂ ತರ್ರಿ.”

ಮರುದಿನ ಸಂಜೆ ಗಬ್ಬೂರಿನಿಂದ ಮೈಲಾರಿಯ ಹೆಂಡತಿಯ ತಮ್ಮ ಪರಮೇಶ ಟ್ರ್ಯಾಕ್ಟರಿನ ಟ್ರೇಲರ್ ತಂದು ಟೆಂಪೊದ ಮಗ್ಗುಲಿಗೆ ಬಿಟ್ಟ. ಬಿಟ್ಟು ಹೋಗುವಾಗ ಗುರುಶಿದ್ದಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಬೆಣ್ಣೆ ಹುಣಸೆ ಬೀಜದಷ್ಟಾಯಿತು.

ಮೈಲಾರಿ ಕೆಟ್ಟವನಾಗಿದ್ದರೆ ಈ ಕತೆ ಬೇಗ ಮುಗಿಯುತ್ತಿತ್ತು. ಅವನು ಕೆಟ್ಟವನಲ್ಲ, ಗುರುಶಿದ್ದಪ್ಪನ ಭಕ್ತನಾಗಿಬಿಟ್ಟಿದ್ದ. ಎಪಿಎಂಸಿಯಿಂದ ಬರುವಾಗ ಒಳ್ಳೆಯ ಉಳ್ಳಾಗಡ್ಡಿ ಆರಿಸಿ ತಂದುಕೊಡುತ್ತಿದ್ದ. ಒಂದು ದಿನ ಕಟ್ಟೆಯ ಕೆಳಗೆ ಕೂತು, “ಕಾಕಾರ, ನಿಮ್ಮಂಗ ಮಾತಾಡೂದು ನನಗೂ ಕಲಸ್ರಿ. ನಾ ಬಾಯಿ ತಗದ್ರ ದನಾ ಬೆದರ್ತಾವು” ಎಂದ. ಗುರುಶಿದ್ದಪ್ಪನ ಇಪ್ಪತ್ತೈದು ವರ್ಷದ ಹುಬ್ಬಳ್ಳಿ ವಾಸದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವನ ಕಣ್ಣು ತೇವವಾಯಿತು. ಅಲ್ಲಿಯೇ ಪಾಠ ಶುರು ಮಾಡಿದ. ದನಿ ಎಷ್ಟು ತಗ್ಗಿಸಬೇಕು, ಕತ್ತು ಎಷ್ಟು ಬಗ್ಗಿಸಬೇಕು ಎಲ್ಲ ತೋರಿಸಿದ.

“ಯಾರರ ‘ಇದು ಯಾರ್ದು’ ಅಂತ ಕೇಳಿದ್ರ ‘ನಂದು’ ಅನಬಾರ್ದು ನೋಡ್ರಿ. ‘ನಿಮ್ದರೀ’ ಅನಬೇಕು. ಅವರು ‘ಛೆ ಛೆ, ನಿಮ್ಮಲ್ಲೇ ಇರ್ಲಿ’ ಅಂತಾರ. ಖರೇ ಯಾರೂ ತಗೊಳ್ಳೂದಿಲ್ಲ.”

ಮೈಲಾರಿಯ ಮುಖ ನಿಧಾನವಾಗಿ ಇಳಿಯಿತು.

“ಹಂಗಾರ ಅವತ್ತ ನೀವು ಜಾಗಾದ್ದು ಅಂದಿದ್ದು ಬರೇ ಬಾಯಿಮಾತೇನ್ರಿ ಕಾಕಾರ?”

ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವುದಿರಲಿಲ್ಲ. ‘ಹೌದು’ ಎಂಬ ಒಂದು ಪದ ಸಾಕಾಗಿತ್ತು. ಆದರೆ ಎದುರಿಗೆ ಅಷ್ಟು ದೊಡ್ಡ ಗಂಡಸು ಮಗುವಿನ ಮುಖ ಮಾಡಿಕೊಂಡು ಕೂತಿದ್ದ. ಮನೆಗೆ ಬಂದ ಶಿಷ್ಯನನ್ನು ನೋಯಿಸುವುದು ಹೇಗೆ.

“ಛೆ ಛೆ,” ಎಂದ ಗುರುಶಿದ್ದಪ್ಪ. “ನಿಮಗ ಅಂದಿದ್ದು ಮನಸಿಂದ್ರಿ.”

ಒಳಗೆ ಪಡಸಾಲೆಯಲ್ಲಿ ಒಂದು ತಗಡು ಜಾರಿ ಉಳಿದ ಹನ್ನೊಂದರ ಮೇಲೆ ಬಿತ್ತು. ಯಾರು ಬೀಳಿಸಿದರೆಂದು ಅವನು ನೋಡಲು ಹೋಗಲಿಲ್ಲ.

ಗಣೇಶ ಚವತಿ ಮುಗಿಯಿತು. ವೆಲ್ಡಿಂಗಿನವನು ಬಂದು ಟೆಂಪೊ, ಟ್ರೇಲರ್ ನೋಡಿ, “ಶೆಡ್ಡು ಇವುಗಳ ಮ್ಯಾಲೆ ಹಾಕ್ಲೇನ್ರಿ?” ಎಂದು ಕೇಳಿ ಹೋದ. ದಾಕ್ಷಾಯಿಣಿ ಗಂಡನ ಮುಂದೆ ಕೂತಳು.

“ಬಾಯಿಲೆ ಹೇಳೂದು ನಿಮ್ಮಿಂದ ಆಗೂದಿಲ್ಲ, ಗೊತ್ತಾತು. ಬರದ ಕೊಡ್ರಿ. ಬರಿಯೂದು ನಿಮಗ ಬರ್ತೈತಲ್ಲ.”

ಗುರುಶಿದ್ದಪ್ಪ ಆಫೀಸಿನಿಂದ ದಪ್ಪ ಕಾಗದ ತಂದು ಎರಡು ದಿನ ಕೂತು ನೋಟೀಸು ಬರೆದ. ಕಟುವಾಗಿ ಬರೆಯಬೇಕೆಂದೇ ಅವನ ಮನಸ್ಸಿನಲ್ಲಿತ್ತು. ಆದರೆ ಅವನ ಪೆನ್ನು ಇಪ್ಪತ್ತೈದು ವರ್ಷಗಳಿಂದ ಮಾನಪತ್ರವನ್ನಷ್ಟೇ ಬರೆದು ರೂಢಿಯಾದದ್ದು. ಮೈಲಾರಿಗೆ ಓದು ಅಷ್ಟಕ್ಕಷ್ಟೇ. ಅವನು ಅದನ್ನು ಓಣಿಯ ಹಿರಿಯರಾದ, ನಿವೃತ್ತ ಕನ್ನಡ ಮಾಸ್ತರ ಚನ್ನಯ್ಯನವರ ಹತ್ತಿರ ಒಯ್ದ. ಚನ್ನಯ್ಯನವರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

“ಶ್ರೀಮಾನ್ ಮೈಲಾರಿಯವರ ಸನ್ನಿಧಾನಕ್ಕೆ. ಕಾಯಕನಿಷ್ಠರೂ ಸರಳ ಸಜ್ಜನರೂ ಆದ ತಾವು ಈ ಓಣಿಗೆ ಪಾದಾರ್ಪಣೆ ಮಾಡಿದಂದಿನಿಂದ ನಮ್ಮೆಲ್ಲರ ಬಾಳಿನಲ್ಲಿ ಮರೆಯಲಾಗದ ಬದಲಾವಣೆಗಳಾಗಿವೆ. ತಮ್ಮ ವಾಹನವು ನಮ್ಮ ಅಲ್ಪ ಜಾಗದಲ್ಲಿ ಹಗಲಿರುಳೂ ವಿರಾಜಮಾನವಾಗಿರುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಆದರೂ ಅದರ ಯೋಗ್ಯತೆಗೆ ಈ ತಗ್ಗುದಿಣ್ಣೆಯ ಜಾಗವು ತಕ್ಕುದಲ್ಲವೆಂದು ವಿನಯದಿಂದ ಸೂಚಿಸಬಯಸುತ್ತೇವೆ. ಮುಂದಿನದನ್ನು ತಮ್ಮ ದೊಡ್ಡ ಮನಸ್ಸಿಗೆ ಬಿಟ್ಟಿದ್ದೇವೆ.”

ಕಟ್ಟೆಯ ಮೇಲೆ ಕೂತವರು ಚಪ್ಪಾಳೆ ತಟ್ಟಿದರು. ಚನ್ನಯ್ಯನವರು ಕಾಗದವನ್ನು ಎರಡೂ ಕೈಯಿಂದ ಹಿಂದಿರುಗಿಸಿ, “ಮೈಲಾರಿ, ನಲವತ್ತು ವರ್ಷ ಸಾಲ್ಯಾಗ ಕಲಿಸಿದ ನನಗ ಇಂಥಾದ್ದು ಸಿಕ್ಕಿಲ್ಲಪಾ” ಎಂದರು. ಆ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಮೈಲಾರಿ ಅದಕ್ಕೆ ಕಟ್ಟು ಹಾಕಿಸಿ ಟೆಂಪೊದಲ್ಲಿ ದೇವರ ಫೋಟೋದ ಪಕ್ಕ ತೂಗುಹಾಕಿದ. ಜಾಗ ತಗ್ಗುದಿಣ್ಣೆ ಇದೆ ಎಂಬ ಸೂಚನೆಯನ್ನೂ ಅವನು ಮರೆಯಲಿಲ್ಲ. ಪರಮೇಶನ ಟ್ರೇಲರಿನಲ್ಲಿ ನಾಲ್ಕು ಖೇಪು ಗರಸು ಮಣ್ಣು ತಂದು ಸುರಿದು, ನೀರು ಹೊಡೆದು, ಬಡಿದು ಸಪಾಟು ಮಾಡಿದ. ಆಮೇಲೆ ಟೆಂಪೊ ನಿಲ್ಲಿಸಿದ.

“ಕಾಕಾರ, ಈಗ ಯೋಗ್ಯ ಆತೇನ್ರಿ?”

“ಭಾಳ ಯೋಗ್ಯ ಆತು,” ಎಂದ ಗುರುಶಿದ್ದಪ್ಪ ಕ್ಷೀಣವಾಗಿ. ಆ ರಾತ್ರಿಯಿಂದ ಬೆಣ್ಣೆ ನಿಂತಿತು. ರೊಟ್ಟಿಯ ಜೊತೆ ಬರೀ ಶೇಂಗಾ ಚಟ್ನಿ ಬರತೊಡಗಿತು.

ಮಹಾನವಮಿ ಹತ್ತಿರ ಬಂದಾಗ ದಾಕ್ಷಾಯಿಣಿ ಕೊನೆಯ ಮಾತು ಹೇಳಿದಳು. “ಪೊಲೀಸರಿಗರ ಹೇಳ್ರಿ. ಅವ್ರು ಬಂದು ನಿಂತ್ರ ನೀವು ಬಾಯಿ ಬಿಡೂದು ಬ್ಯಾಡ, ಅವ್ರ ಮಾತಾಡ್ತಾರ.” ಇದು ಗುರುಶಿದ್ದಪ್ಪನಿಗೂ ಒಪ್ಪಿಗೆಯಾಯಿತು. ತಾನು ಬಾಯಿ ಬಿಡಬೇಕಾಗಿಲ್ಲ ಎಂಬುದೇ ಅದರಲ್ಲಿದ್ದ ದೊಡ್ಡ ಗುಣ. ಅರ್ಜಿ ಕೊಟ್ಟು ಬಂದ. ಮರುದಿನ ದಾಕ್ಷಾಯಿಣಿ ಸಿದ್ದಲಿಂಗಪ್ಪನ ಹತ್ತಿರ ಮಾತಾಡಲು ಪ್ಯಾಟಿಗೆ ಹೋದ ಹೊತ್ತಿನಲ್ಲಿ ಹವಾಲ್ದಾರ ಮಕ್ತುಮಸಾಬರು ಮೋಟರ್ ಸೈಕಲ್ಲಿನ ಮೇಲೆ ಬಂದಿಳಿದರು. ದೊಡ್ಡ ಮೀಸೆ, ಸಣ್ಣ ನೋಟುಪುಸ್ತಕ. ಮೈಲಾರಿ ಓಡಿಬಂದು ಕೈಮುಗಿದು ನಿಂತ. ಚನ್ನಯ್ಯನವರೂ ಬಂದರು. ಓಣಿಯ ಅರ್ಧ ಜನ ಬಾಗಿಲಿಗೆ ಬಂದರು.

ಹವಾಲ್ದಾರರು ಜಾಗವನ್ನು ಒಂದು ಸುತ್ತು ಹಾಕಿ, ಸಪಾಟಾದ ನೆಲವನ್ನು ಬೂಟಿನಿಂದ ತಟ್ಟಿ ನೋಡಿ, ಗುರುಶಿದ್ದಪ್ಪನ ಕಡೆ ತಿರುಗಿದರು.

“ಹೂಂ. ಜಾಗಾ ಯಾರ್ದ್ರಿ?”

ಕೇಳಿದವರು ಸರ್ಕಾರ. ಮೈಮೇಲೆ ಖಾಕಿ ಬಟ್ಟೆ, ಕೈಯಲ್ಲಿ ನೋಟುಪುಸ್ತಕ. ಗುರುಶಿದ್ದಪ್ಪನ ಹೊಟ್ಟೆಯಲ್ಲಿ ‘ನಮ್ದು’ ಎಂಬ ಮಾತು ಹುಟ್ಟಿ ಎದೆಯವರೆಗೆ ಬಂತು. ಆದರೆ ಐವತ್ತು ವರ್ಷದ ಅಭ್ಯಾಸ ಗಂಟಲಿನಲ್ಲಿ ಕಾಯುತ್ತಾ ಕೂತಿತ್ತು. ಕತ್ತು ತಾನೇ ಬಗ್ಗಿತು.

“ನಿಮ್ದರೀ ಸಾಹೇಬ್ರ.”

ಹವಾಲ್ದಾರರು ಪೆನ್ನು ಹಿಡಿದುಕೊಂಡೇ ನಿಂತರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರಿಗೆ ತಂಟೆಯ ಜಾಗ ಬಹಳ ಸಿಕ್ಕಿತ್ತು, ಜಾಗವೇ ಸಿಕ್ಕಿದ್ದು ಇದೇ ಮೊದಲು.

“ಅಲ್ರಿ, ನೀವ ಅರ್ಜಿ ಕೊಟ್ಟೀರಿ.”

“ಕಾಕಾರ ಮನಸು ಭಾಳ ದೊಡ್ಡದ್ರಿ ಸಾಹೇಬ್ರ,” ಎಂದು ಮೈಲಾರಿ ಹೆಮ್ಮೆಯಿಂದ ನಡುವೆ ಬಂದ. “ನನಗೂ ಹಿಂಗ ಕೊಟ್ಟಾರ. ಬೇಕಾರ ಕಾಗದಾ ನೋಡ್ರಿ.” ಟೆಂಪೊದಿಂದ ಮಾನಪತ್ರ ತಂದು ತೋರಿಸಿದ. ಮಕ್ತುಮಸಾಬರು ಅದನ್ನು ಕೊನೆಯವರೆಗೂ ಓದಿ, ಟೊಪ್ಪಿಗೆ ಸರಿಪಡಿಸಿಕೊಂಡು, “ಇಂಥಾ ಮಂದಿ ಈಗ ಎಲ್ಲಿ ಅದಾರ್ರಿ” ಎಂದು ಗುರುಶಿದ್ದಪ್ಪನ ಕೈ ಹಿಡಿದು ಅಲುಗಾಡಿಸಿದರು. ಠಾಣೆಯ ಅಂಗಳದಲ್ಲಿ ಹಿಡಿದು ತಂದ ಗಾಡಿಗಳಿಗೆ ಜಾಗ ಸಾಲುತ್ತಿಲ್ಲ ಎಂಬ ಚಿಂತೆ ಅವರಿಗೆ ಬಹಳ ದಿನಗಳಿಂದ ಇತ್ತು. ಮಧ್ಯಾಹ್ನದ ಹೊತ್ತಿಗೆ ವಾರಸುದಾರರಿಲ್ಲದ ಮೂರು ಸ್ಕೂಟರು ಮತ್ತು ಒಂದು ತಳ್ಳುಗಾಡಿ ಬಂದು ಟೆಂಪೊದ ಪಕ್ಕ ಸಾಲಾಗಿ ನಿಂತವು.

ಸಂಜೆ ಬಂದ ದಾಕ್ಷಾಯಿಣಿಗೆ ನಡೆದದ್ದನ್ನೆಲ್ಲ ಚನ್ನಯ್ಯನವರೇ ಹೇಳಿದರು. ಅವಳು ಗಂಡನನ್ನು ಬಯ್ಯಲಿಲ್ಲ. ತಗಡುಗಳ ಪಕ್ಕ ಅಡ್ಡಡ್ಡ ನಡೆದು ಒಳಗೆ ಹೋಗಿ ತಣ್ಣಗಿನ ಒಲೆಯ ಮುಂದೆ ಕೂತಳು. ಬೂದಿ ಕೆದಕುತ್ತಾ ಹೇಳಿದಳು.

“ನಮ್ಮವ್ವ ಸಾಯೂ ಮುಂದ ಪಾಟ್ಲಿ ತಗದು ಕೊಟ್ಲು, ಕಷ್ಟಕ್ಕಾಗ್ಲಿ ಅಂತ. ಅವನ್ನ ಮಾರಿ ಆ ಜಾಗಾ ತಗೊಂಡೆ. ಅದು ನನ್ನ ಹೆಸರಿಲೆ ಐತಿ. ನೀವು ಯಾರ ಜಾಗಾ ಯಾರಿಗೆ ಕೊಡಾಕತ್ತೀರಿ?”

ಊರಿಗೆಲ್ಲ ಮರ್ಯಾದೆ ಹಂಚಿದವನು ಮನೆಯಲ್ಲಿ ಒಂದು ಕಾಳೂ ಉಳಿಸಿಕೊಂಡಿಲ್ಲ ಎಂಬುದು ಗುರುಶಿದ್ದಪ್ಪನಿಗೆ ಆಗ ತಿಳಿಯಿತು. ಅಂದು ಶೇಂಗಾ ಚಟ್ನಿಯೂ ಬರಲಿಲ್ಲ. ಅವನೂ ಕೇಳಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮೈಲಾರಿ ಟೆಂಪೊವನ್ನು ಮದುಮಗನಂತೆ ಸಿಂಗರಿಸಿದ. ಚೆಂಡುಹೂವಿನ ಮಾಲೆ, ಬಾಳೆಕಂಬ, ಕಬ್ಬು, ಗಾಲಿಗಳಿಗೆ ಭಂಡಾರ. ಉಳಿದ ಹೂವನ್ನು ಟ್ರೇಲರಿಗೂ ಮೂರು ಸ್ಕೂಟರುಗಳಿಗೂ ತಳ್ಳುಗಾಡಿಗೂ ಹಂಚಿದ. ಮರುದಿನ ವಿಜಯದಶಮಿ. ಸಂಜೆ ಬನ್ನಿ ಮುಡಿದು ಬಂದ ಓಣಿಯ ಜನ ಒಬ್ಬರಿಗೊಬ್ಬರು ಬನ್ನಿ ಕೊಡಲು ಎಲ್ಲಿ ಕೂಡುವುದೆಂದು ನೋಡಿದಾಗ, ಸಪಾಟಾಗಿ ಸಿಂಗಾರವಾಗಿ ಇದ್ದದ್ದು ಆ ಜಾಗವೊಂದೇ. ಚನ್ನಯ್ಯನವರು ಕುರ್ಚಿ ಹಾಕಿಸಿಕೊಂಡು ಕೂತರು. ಪರಮೇಶ ಗಬ್ಬೂರಿನಿಂದ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದಿದ್ದ. ಹವಾಲ್ದಾರ ಮಕ್ತುಮಸಾಬರು ಬನ್ನಿ ಕೊಡಲು ಬಂದವರು ತಮ್ಮ ಸ್ಕೂಟರುಗಳ ಕುತ್ತಿಗೆಯಲ್ಲಿ ಹೂಮಾಲೆ ನೋಡಿ ಖುಷಿಪಟ್ಟರು.

“ಬನ್ನಿ ತಗೊಂಡು ಬಂಗಾರದಂಗ ಇರೋಣ” ಎನ್ನುವ ಮಾತು ನಾಲ್ಕೂ ಕಡೆ ಕೇಳುತ್ತಿತ್ತು. ಗುರುಶಿದ್ದಪ್ಪ ಮೂಲೆಯಲ್ಲಿ ನಿಂತು ಬನ್ನಿ ತೆಗೆದುಕೊಳ್ಳುತ್ತಿದ್ದ, ಆದರೆ ಅವನ ಕತ್ತು ಎಂದಿನಷ್ಟು ಬಗ್ಗುತ್ತಿರಲಿಲ್ಲ. ನಾಳೆ ಮುಂಜಾನೆ ಸಿದ್ದಲಿಂಗಪ್ಪನಿಗೆ ಮುನ್ನೂರು ರೊಟ್ಟಿ ಹೋಗಬೇಕು, ಹೋಗುವುದಿಲ್ಲ ಎಂಬುದೇ ಅವನ ತಲೆಯಲ್ಲಿ ತಿರುಗುತ್ತಿತ್ತು.

ಆಗ ದಾಕ್ಷಾಯಿಣಿ ಬಂದಳು. ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಬನ್ನಿ ಹಿಡಿದಿದ್ದಳು. ಮೈಲಾರಿ ಓಡಿಬಂದು ಅವಳ ಕಾಲು ಮುಟ್ಟಿ ಬನ್ನಿ ಕೊಟ್ಟ. ಅವಳೂ ಕೊಟ್ಟಳು. ಆಮೇಲೆ ಟೆಂಪೊದ ಸುತ್ತ ಒಮ್ಮೆ ನಿಧಾನವಾಗಿ ನಡೆದು ಬಂದಳು.

“ಮೈಲಾರಿ, ಗಾಡಿ ಭಾಳ ಚಂದ ಸಿಂಗಾರ ಮಾಡಿಯಪಾ. ಯಾರ್ದಿದು?”

ಕಲಿತ ಪಾಠವನ್ನು ಹತ್ತು ಜನರ ಮುಂದೆ ಒಪ್ಪಿಸುವ ಅವಕಾಶಕ್ಕೆ ಮೈಲಾರಿ ಅಂದಿನಿಂದಲೂ ಕಾದಿದ್ದ. ದನಿ ತಗ್ಗಿಸಿದ, ಎರಡೂ ಕೈ ಜೋಡಿಸಿದ, ಗುರುಗಳು ತೋರಿಸಿದಷ್ಟೇ ಕತ್ತು ಬಗ್ಗಿಸಿದ.

“ನಿಮ್ದರೀ ಅವ್ವಾರ.”

ಗುರುಶಿದ್ದಪ್ಪ ಅಷ್ಟು ದುಃಖದಲ್ಲೂ ತಲೆದೂಗಿದ. ಶಿಷ್ಯ ಎಲ್ಲಿಯೂ ತಪ್ಪಿರಲಿಲ್ಲ.

“ಭಾಳ ಉಪಕಾರ ಆತಪಾ,” ಎಂದಳು ದಾಕ್ಷಾಯಿಣಿ. ಅಂಗೈ ಮುಂದೆ ಚಾಚಿದಳು. “ಕೀಲಿ ಕೊಡು.”

ಮೈಲಾರಿ ನಕ್ಕ. ಅವಳು ನಗಲಿಲ್ಲ. ಅವನ ನಗು ನಡುವೆಯೇ ನಿಂತಿತು.

“ಕಾಕಾರ, ಈಗ ಅವ್ರು ‘ಛೆ ಛೆ’ ಅನಬೇಕಲ್ರಿ?”

“ನಿಮ್ಮ ಕಾಕಾರು ಧಾರವಾಡದಾಗ ಕಲತಾರ, ಅವ್ರು ಅಂತಾರ,” ಎಂದಳು ದಾಕ್ಷಾಯಿಣಿ. “ನಾ ಹೆಬ್ಬಳ್ಳಿಯಾಕಿ. ಕೊಟ್ರ ತಗೋತೇನಿ. ನನ್ನ ಜಾಗಾ ನಮ್ಮನಿಯವ್ರು ನಿನಗ ಕೊಟ್ರು, ನೀ ತಗೊಂಡಿ. ನಿನ್ನ ಗಾಡಿ ನೀ ನನಗ ಕೊಟ್ಟಿ, ನಾ ತಗೊಂಡೆ. ಇದರಾಗ ತಪ್ಪೇನೈತಿ, ಹೇಳ್ರಿ ಅಯ್ಯಾರ.”

ಎಲ್ಲರೂ ಚನ್ನಯ್ಯನವರ ಕಡೆ ನೋಡಿದರು. ತಮಗೆ ಸಿಗದ ಮಾನಪತ್ರ ಅವರಿಗೆ ಇನ್ನೂ ಮರೆತಿರಲಿಲ್ಲ. “ಬನ್ನಿ ಕೈಯಾಗ ಹಿಡದು ಆಡಿದ ಮಾತು, ಮೈಲಾರಿ,” ಎಂದರು ಗಂಭೀರವಾಗಿ. “ಹಿಂದ ತಗೊಳ್ಳಾಕ ಬರೂದಿಲ್ಲಪಾ.”

ಮ್ಲಾನವಾದ ಮುಖದಿಂದ ಮೈಲಾರಿ ಸೊಂಟದಿಂದ ಕೀಲಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡು ಮತ್ತೆ ಅವನಿಗೇ ಕೊಟ್ಟಳು.

“ಈಗ ಗಾಡಿ ನಂದು. ನನ್ನ ಗಾಡಿ ಈ ಜಾಗಾದಾಗ ನಿಲ್ಸಾಕ ನನಗ ಮನಸ್ಸಿಲ್ಲ. ನಿಮ್ಮ ಮನಿ ಮುಂದ ಒಯ್ದು ನಿಲ್ಸು. ಟ್ರೇಲರ್ ಪರಮೇಶ ಒಯ್ಲಿ. ದಿನಾ ಮುಂಜಾನೆ ಎಂಟಕ್ಕ ಮುನ್ನೂರು ರೊಟ್ಟಿ ಸಿದ್ದಲಿಂಗಪ್ಪನ ಖಾನಾವಳಿಗೆ ಮುಟ್ಟಿಸಿ ಬಿಡು. ಉಳದ ಹೊತ್ತು ಗಾಡಿ ನೀನ ಇಟ್ಕೊ, ನಾ ಏನೂ ಕೇಳೂದಿಲ್ಲ.”

ಮೊದಲು ನಕ್ಕವಳು ಹುಲಿಗೆವ್ವ. ಸೆರಗು ಬಾಯಿಗೆ ಹಿಡಿದು ನಕ್ಕು ನಕ್ಕು ಕೂತೇಬಿಟ್ಟಳು. “ಅವ್ವಾರ, ಎಮ್ಮಿ ಹಿತ್ತಲಕ ಕಟ್ತೇನ್ರಿ. ಎರಡು ತಿಂಗಳಿಂದ ಇವ್ರಿಗೆ ಹೇಳಾಕತ್ತೇನಿ, ಮಂದಿ ಜಾಗಾ ಬ್ಯಾಡ ಅಂತ. ಕಾಕಾರ ಕೊಟ್ಟಾರ, ಕಾಕಾರ ಕೊಟ್ಟಾರ ಅಂತ ನನ್ನ ಬಾಯಿ ಮುಚ್ಚಿಸಿದ್ರು. ನನಗೂ ಒಂದು ಒಲಿ ಕೊಡ್ರಿ, ರೊಟ್ಟಿ ಬಡೀತೇನಿ.”

ಮೈಲಾರಿ ಒಂದು ಗಳಿಗೆ ಹೆಂಡತಿಯನ್ನೂ ಒಂದು ಗಳಿಗೆ ಗುರುವನ್ನೂ ನೋಡಿದ. ಆಮೇಲೆ ತಾನೂ ನಕ್ಕ. ಈ ಸಲ ಅವನ ಹಳೆಯ ದನಿಯಲ್ಲೇ ನಕ್ಕಿದ್ದರಿಂದ ಮನೆಯ ಮುಂದೆ ಕಟ್ಟಿದ್ದ ಎಮ್ಮೆ ಬೆದರಿತು.

ದಾಕ್ಷಾಯಿಣಿ ಹವಾಲ್ದಾರರ ಕಡೆ ತಿರುಗಿದಳು.

“ಸಾಹೇಬ್ರ, ಈ ಸ್ಕೂಟರು ಯಾರ್ದರೀ?”

ಮಕ್ತುಮಸಾಬರ ಬಾಯಿ ‘ನಿ’ ಎಂದು ತೆರೆಯಿತು. ಅವರು ಲಗೂನೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಸರ್ಕಾರದ್ದವ್ವಾ,” ಎಂದರು. “ಈಗ ಒಯ್ಯಾಕತ್ತೇನಿ.” ಹಬ್ಬದ ಸಂಜೆ ಹೂಮಾಲೆ ಹಾಕಿಕೊಂಡ ಮೂರು ಸ್ಕೂಟರು ಮತ್ತು ಒಂದು ತಳ್ಳುಗಾಡಿ ಪರಮೇಶನ ಟ್ರೇಲರ್ ಏರಿ ಠಾಣೆಯ ಕಡೆ ಹೊರಟವು. ಎದುರು ಬಂದವರು ಯಾವುದೋ ದೇವರ ಉತ್ಸವವೆಂದು ಕೈಮುಗಿದರು.

ಅಂದೇ ರಾತ್ರಿ ದೀಪದ ಬೆಳಕಿನಲ್ಲಿ ಪಡಸಾಲೆಯ ಹನ್ನೆರಡು ತಗಡು ಹೊರಗೆ ಬಂದವು. ವೆಲ್ಡಿಂಗಿನವನು ಹಬ್ಬದ ದಿನ ಎಲ್ಲಿ ಸಿಗಬೇಕು. ಮೈಲಾರಿಯೇ ಕಟ್ಟಿಗೆಯ ಕಂಬ ನೆಟ್ಟು, ಲೋಡಿಗೆ ಕಟ್ಟುವ ಹಗ್ಗ ಬಿಗಿದು ಶೆಡ್ಡು ಎತ್ತಿದ. ನೆಲವನ್ನಂತೂ ಅವನು ಆಗಲೇ ಬಡಿದು ಸಪಾಟು ಮಾಡಿಟ್ಟಿದ್ದ. ಮರುದಿನ ನಸುಕಿನಲ್ಲಿ ನಾಲ್ಕು ಒಲೆಗಳಿಗೆ ಬೆಂಕಿ ಬಿತ್ತು. ಎಂಟು ಗಂಟೆಗೆ ಟೆಂಪೊ ಮುನ್ನೂರು ರೊಟ್ಟಿ ಹೊತ್ತು ಹೊರಟಿತು. ಒಳಗೆ ದೇವರ ಪಕ್ಕದಲ್ಲಿ ಮಾನಪತ್ರ ಇನ್ನೂ ತೂಗುತ್ತಿತ್ತು. ತಗಡುಗಳು ಹೋದ ಮೇಲೂ ಗುರುಶಿದ್ದಪ್ಪ ಒಂದು ವಾರ ಪಡಸಾಲೆಯಲ್ಲಿ ಅಡ್ಡಡ್ಡವೇ ನಡೆದ.

ಬೆಣ್ಣೆ ಮಾತ್ರ ಬರಲಿಲ್ಲ. ಚಟ್ನಿ ಬಂತು, ಪಲ್ಯ ಬಂತು, ಬೆಣ್ಣೆ ಬರಲಿಲ್ಲ. ಅವನು ಕೇಳುವ ಧೈರ್ಯ ಮಾಡಲಿಲ್ಲ.

ದೀಪಾವಳಿಯ ಹಿಂದಿನ ರವಿವಾರ ಸಿದ್ದಲಿಂಗಪ್ಪ ರೊಟ್ಟಿಯ ಕೆಲಸ ನೋಡಲು ಬಂದ. ಜೊತೆಗೆ ಧಾರವಾಡದ ಒಬ್ಬ ದೊಡ್ಡ ಮನುಷ್ಯರನ್ನೂ ಕರೆದುಕೊಂಡು ಬಂದಿದ್ದ. ಬಿಳಿ ಧೋತರ, ಕರಿ ಟೊಪ್ಪಿಗೆ, ತಗ್ಗಿದ ದನಿ. ಮಾತಿನ ಸಂಸ್ಕಾರ ನವಲೂರಿನಲ್ಲಿ ಇಳಿಯದೆ ನೇರವಾಗಿ ಗೋಪನಕೊಪ್ಪದವರೆಗೆ ಬಂದಿತ್ತು. ಅವರು ಶೆಡ್ಡಿನ ಮುಂದೆ ನಿಂತು ಸಂತೋಷದಿಂದ ನೋಡಿದರು. ಕಟ್ಟೆಯ ಮೇಲಿದ್ದ ಗುರುಶಿದ್ದಪ್ಪ ಎದ್ದು ನಿಂತ.

“ಭಾಳ ಛಲೋ ವ್ಯವಸ್ಥಾ ಅದರೀ. ಇದೆಲ್ಲಾ ಯಾರ್ದು?”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಮ್ಮೆಲೇ ನಿಂತಿತು. ಹುಲಿಗೆವ್ವನ ಕೈ ಗಾಳಿಯಲ್ಲೇ ಉಳಿಯಿತು. ಆಚೆ ಟೆಂಪೊ ಒರೆಸುತ್ತಿದ್ದ ಮೈಲಾರಿ ಬಟ್ಟೆ ಹಿಡಿದುಕೊಂಡೇ ತಿರುಗಿದ. ಗುರುಶಿದ್ದಪ್ಪನ ಕತ್ತು ಬಗ್ಗಲು ಶುರುವಾಯಿತು. ನಾಲಿಗೆ ತನ್ನ ಹಳೆಯ ಜಾಗಕ್ಕೆ ಹೋಗಿ ಸಿದ್ಧವಾಗಿ ನಿಂತಿತು. ಅವನು ಅದನ್ನು ಹಲ್ಲಿನಿಂದ ಹಿಡಿದ. ಹೆಂಡತಿಯ ಹೆಸರನ್ನು ಮಂದಿಯ ಮುಂದೆ ಹೇಳುವುದು ಅವನ ಮನೆತನದಲ್ಲಿ ಯಾರೂ ಮಾಡಿದ್ದಲ್ಲ. ಅವನ ಅಪ್ಪ ಮಾಡಿರಲಿಲ್ಲ, ಅಜ್ಜನಂತೂ ಮಾಡಿರಲಿಲ್ಲ.

“ದಾಕ್ಷಾಯಿಣಿದು,” ಎಂದ ಗುರುಶಿದ್ದಪ್ಪ. ಧಾರವಾಡದವರು ‘ಛೆ ಛೆ’ ಎನ್ನಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು. ಗುರುಶಿದ್ದಪ್ಪನಿಗೆ ಇನ್ನೂ ಸ್ವಲ್ಪ ಧೈರ್ಯ ಬಂತು. “ನಮ್ಮ ಮನಿಯಾಕೀದು. ಜಾಗಾನೂ ಆಕೀದ ಐತ್ರಿ.”

‘ಐತ್ರಿ’ ಎಂದದ್ದು ಅವನಿಗೆ ಗೊತ್ತೂ ಆಗಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ದಾಕ್ಷಾಯಿಣಿ ಒಂದು ತಾಟು ತಂದು ಕಟ್ಟೆಯ ಮೇಲೆ ಗಂಡನ ಮುಂದೆ ಇಟ್ಟು ಒಳಗೆ ಹೋದಳು. ತಾಟಿನಲ್ಲಿ ಬಿಸಿ ರೊಟ್ಟಿ ಇತ್ತು. ಅದರ ಮೇಲೆ ಲಿಂಬಿಹಣ್ಣಿಗಿಂತ ತುಸು ದೊಡ್ಡದಾದ ಬೆಣ್ಣೆಯ ಮುದ್ದೆ ಕರಗುತ್ತಾ ಕೂತಿತ್ತು.